ನೇರವಾಗಿ ಕೇಳಿದರೆ ಮಾತ್ರ

ಮನೆಯಿಂದ, ಹಿತ್ತಲ ಕಿಟಕಿಯ ಮೇಜು
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಪಿಟೀಲಿಗೆ,

ಅಪ್ಪನ ಆಶೀರ್ವಾದಗಳು. ಹೇಗಿದ್ದೀಯ ಮಗಳೇ? ಮೈಯಲ್ಲಿ ಆರೋಗ್ಯ ತಾನೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ, ಇಲ್ಲ ದ್ವೀಪದ ಜನರಿಗೆಲ್ಲ ಮಾತ್ರೆ ಹಂಚಿ, ನೀನು ಮಾತ್ರ ನಿಂತಲ್ಲೇ ಒಂದು ಲೋಟ ಚಹಾ ಕುಡಿದು ಮಲಗಿಬಿಡುತ್ತೀಯ? ನಿನ್ನ ಆಸ್ಪತ್ರೆಯ ಮಾಡು ಸೋರುವುದು ನಿಂತಿತೇ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಂಡಿನೋವು ಇದೆ, ಆದರೆ ಅದೀಗ ಮನೆಯವರಲ್ಲಿ ಒಬ್ಬರಾಗಿಬಿಟ್ಟಿದೆ, ಅದರ ಯೋಗಕ್ಷೇಮ ಬೇರೆ ಬರೆಯಬೇಕಾಗಿಲ್ಲ. ಇವತ್ತು ಬೆಳಗಿನಿಂದ ಮಂಜು. ಈಗಷ್ಟೇ ಸ್ವಲ್ಪ ಬಿಸಿಲು ಬಿದ್ದು ಹಿತ್ತಲ ತಂತಿಯ ಮೇಲಿನ ಬಟ್ಟೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿವೆ. ಮೊದಲು ನನ್ನ ಅಂಗಿ ಕಂಡಿತು, ಆಮೇಲೆ ಹಾಸಿಗೆಯ ಹೊದಿಕೆ, ಕೊನೆಗೆ ನಿನ್ನಮ್ಮನ ಶಾಲು. ಒಗೆದು ಹಾಕಿದವನು ನಾನೇ ಆದರೂ ಅದನ್ನು ನೋಡಿ ಒಂದು ಗಳಿಗೆ ಅವಳೇ ತಂತಿಯ ಹತ್ತಿರ ನಿಂತಿದ್ದಾಳೆ ಅನ್ನಿಸಿತು. ವಯಸ್ಸಾಯಿತು, ಕಣ್ಣಿಗೆ ಹೀಗೆಲ್ಲ ಆಡುವುದು ಅಭ್ಯಾಸವಾಗಿದೆ.

ಶಾಲು ಎಂದರೆ, ಹೌದು, ನೀನು ಕಳಿಸಿದ ಪಾರ್ಸೆಲ್ ಗುರುವಾರ ಬಂದು ಮುಟ್ಟಿತು. ಶಾಲು, ಗುಂಡಿಗಳ ಡಬ್ಬಿ, ಆಮೇಲೆ ನಿನ್ನ ಕೈಗಡಿಯಾರ. ಜೊತೆಗೆ ‘ಇವು ನನಗಿನ್ನು ಬೇಡ ಅಪ್ಪ’ ಎಂದು ಒಂದೇ ಸಾಲು. ಶಾಲು ಸರಿ, ಅಲ್ಲಿ ಚಳಿ ಕಡಿಮೆ ಇರಬೇಕು ಅಂದುಕೊಂಡೆ. ಗುಂಡಿಗಳೂ ಸರಿ, ನಿನಗೆ ಸೂಜಿ ಹಿಡಿಯಲು ಪುರುಸೊತ್ತೆಲ್ಲಿ. ಆದರೆ ಗಡಿಯಾರ? ನೀನು ನರ್ಸ್ ಪರೀಕ್ಷೆ ಪಾಸಾದ ದಿನ ನಾನು ಕೊಡಿಸಿದ್ದು ಅದು. ಸೆಕೆಂಡಿನ ಮುಳ್ಳು ಕೆಂಪಗೇ ಇರಬೇಕು, ನಾಡಿ ನೋಡುವಾಗ ಎದ್ದು ಕಾಣಬೇಕು ಎಂದು ಅಂಗಡಿಯವನ ತಲೆ ತಿಂದಿದ್ದೆ. ಅದನ್ನು ಇಲ್ಲಿಗೆ ಕಳಿಸಿದ ಮೇಲೆ ಅಲ್ಲಿ ನಾಡಿ ಹೇಗೆ ನೋಡುತ್ತೀಯ? ಕೈಗೆತ್ತಿಕೊಂಡವನು ಮತ್ತೆ ಕೆಳಗಿಡಲಿಲ್ಲ ಮಗಳೇ. ಬಿರುಗಾಳಿಗೆ ದೋಣಿ ಹೊರಡದೆ ನಿನ್ನ ಕೈಯಲ್ಲೇ ತೀರಿಹೋದ ಆ ಬಾಣಂತಿಯ ವಿಷಯ ಬರೆದಿದ್ದೆಯಲ್ಲ, ಅದಾದ ಮೇಲೆ ನಿನ್ನಿಂದ ಪತ್ರವೇ ಇಲ್ಲ. ಹುಟ್ಟಿದ ದಿನದಿಂದ ನೀನು ಕುಯ್ದ ಪಿಟೀಲಿಗೆ ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡಿದ್ದರು, ಅದಕ್ಕೇ ಆ ಹೆಸರಿಟ್ಟೆ. ಹಲ್ಲು ನೋವಾದರೆ ಪಿಟೀಲು, ಚಪ್ಪಲಿ ಕಚ್ಚಿದರೆ ಪಿಟೀಲು. ಈಗ ಫೋನಿನಲ್ಲಿ ‘ಚೆನ್ನಾಗಿದ್ದೀನಪ್ಪಾ, ಇಡ್ಲಾ?’ ಇಷ್ಟೇ. ನಿನ್ನ ಗೋಳು ಕೇಳದೆ ನನಗೆ ಮನೆ ಮನೆಯ ಹಾಗೇ ಇಲ್ಲ. ಹೋಗಲಿ, ಅದನ್ನು ಆಮೇಲೆ ನೋಡೋಣ. ಮೊದಲು ನನ್ನ ಹೊಸ ನೌಕರಿಯ ಕಥೆ ಕೇಳು. ನಗಬೇಡ. ನಗು ಬಂದರೆ ನಕ್ಕುಬಿಡು.

ನಮ್ಮ ನಾಟಕ ಕಂಪನಿ ಮುಚ್ಚಿ, ಥಿಯೇಟರಿನಲ್ಲಿ ಸಿಮೆಂಟಿನ ಮೂಟೆಗಳು ಪಾತ್ರ ಮಾಡುತ್ತಿರುವುದು ನಿನಗೆ ಗೊತ್ತಲ್ಲ. ಒಬ್ಬ ಡಾಕ್ಟರಮ್ಮ ನಮ್ಮ ಹಳೆಯ ನಟರನ್ನು ಹುಡುಕಿಕೊಂಡು ಬಂದರು. ಕನ್ನಡಕವನ್ನು ಕಣ್ಣಿಗಿಂತ ಹೆಚ್ಚಾಗಿ ತಲೆಯ ಮೇಲೆ ಹಾಕಿಕೊಳ್ಳುವ ಹೆಂಗಸು. ಮನಸ್ಸಿನ ಕಾಯಿಲೆ, ಕುಡಿತದ ಚಟ ಇವಕ್ಕೆ ಔಷಧಿ ಕೊಡುವವರು. ನಿನ್ನ ದ್ವೀಪದಂಥ ಜಾಗಗಳಿವೆಯಲ್ಲ, ಗುಡ್ಡದಾಚೆಯ ಹಳ್ಳಿಗಳು, ಗಣಿಯ ಲೈನುಮನೆಗಳು, ಊರಾಚೆಯ ತಗಡಿನ ಗುಡಿಸಲುಗಳು, ಅಲ್ಲಿಗೆ ತಲೆಯ ಡಾಕ್ಟರು ಯಾವ ಜನ್ಮಕ್ಕೂ ಹೋಗುವುದಿಲ್ಲ. ಅಲ್ಲಿ ಮನಸ್ಸಿಗೆ ಏನೇ ಆದರೂ ಸಿಗುವುದು ತಲೆನೋವಿನ ಮಾತ್ರೆಯೇ. ಅದಕ್ಕೆ ಅಲ್ಲಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ನರ್ಸುಗಳನ್ನೂ ಕಾಂಪೌಂಡರುಗಳನ್ನೂ ಕರೆಸಿ, ಈ ಡಾಕ್ಟರಮ್ಮ ತರಬೇತಿ ಕೊಡುತ್ತಿದ್ದಾರೆ. ಆ ತರಬೇತಿಗೆ ಒಬ್ಬ ಸುಳ್ಳು ರೋಗಿ ಬೇಕು. ಕಲಿಯುವಾಗ ಆಗುವ ತಪ್ಪೆಲ್ಲ ಅವನ ಮೇಲೆ ಆಗಿಹೋಗಲಿ, ನಿಜವಾದವರ ಮೇಲೆ ಬೇಡ ಎಂಬ ಲೆಕ್ಕಾಚಾರ. ಕ್ಷೌರ ಕಲಿಯುವವನಿಗೆ ಸಿಕ್ಕ ತಲೆ ಇದ್ದ ಹಾಗೆ.

ಮೊದಲು ನಮ್ಮ ರಾಜಾಪಾರ್ಟಿನವನನ್ನೇ ಕರೆದರಂತೆ. ಅವನು ದುಃಖದ ರೋಗಿ ಎಂದದ್ದೇ ತಡ, ಎದೆ ಬಡಿದುಕೊಂಡು, ನೆಲಕ್ಕುರುಳಿ, ಮೂರು ಸಲ ‘ಅಯ್ಯೋ ವಿಧಿಯೇ’ ಎಂದನಂತೆ. ಪಕ್ಕದ ವಾರ್ಡಿನಿಂದ ಸ್ಟ್ರೆಚರ್ ಓಡಿಬಂತಂತೆ. ಡಾಕ್ಟರಮ್ಮ ಹಣೆ ಚಚ್ಚಿಕೊಂಡು, ‘ನಿಮ್ಮಲ್ಲಿ ಆಕ್ಟಿಂಗ್ ಬರದೇ ಇರೋರು ಯಾರೂ ಇಲ್ವಾ?’ ಎಂದು ಕೇಳಿದರಂತೆ. ಎಲ್ಲರೂ ಒಂದೇ ಬಾಯಲ್ಲಿ ನನ್ನ ಹೆಸರು ಹೇಳಿದರಂತೆ. ಜೀವಮಾನವಿಡೀ ಪರದೆಯ ಸಂದಿಯಲ್ಲಿ ಕೂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಮಾತು ಹೇಳಿಕೊಟ್ಟ ಪ್ರಾಂಪ್ಟರ್ ನಾನು. ಒಬ್ಬ ಪ್ರೇಕ್ಷಕನೂ ನನ್ನ ಮುಖ ನೋಡಿದವನಲ್ಲ. ಅಂತೂ ಮುದಿಪ್ರಾಯದಲ್ಲಿ ನನಗೂ ಒಂದು ಮುಖ್ಯ ಪಾತ್ರ ಸಿಕ್ಕಿತು ನೋಡು.

ದೊಡ್ಡಾಸ್ಪತ್ರೆಯ ಹಿಂದೆ, ಹಳೆಯ ಲಾಂಡ್ರಿಯ ಕೋಣೆಯಲ್ಲಿ ಪಾಠ. ಗೋಡೆಯೊಳಗೆ ಇನ್ನೂ ಸೋಪಿನ ವಾಸನೆ ಉಳಿದುಕೊಂಡಿದೆ. ಕಿಟಕಿಗೆ ನೀಲಿ ಪರದೆ. ಮಧ್ಯಾಹ್ನ ಗಾಳಿ ಬಂದಾಗ ಆ ಪರದೆ ಉಬ್ಬಿ, ಇಳಿದು, ಕೋಣೆಯೆಲ್ಲ ನೀರೊಳಗೆ ಇದ್ದ ಹಾಗೆ ಕಾಣುತ್ತದೆ. ನಡುವೆ ಎರಡು ಕುರ್ಚಿ, ಒಂದು ನನಗೆ, ಒಂದು ನನ್ನನ್ನು ಮಾತಾಡಿಸುವವರಿಗೆ. ಉಳಿದವರು ಗೋಡೆಗೆ ಒರಗಿ ಕೂತು ನೋಡುತ್ತಾರೆ. ನನ್ನ ಪಾತ್ರವನ್ನು ಡಾಕ್ಟರಮ್ಮ ಬಾಯಲ್ಲೇ ಹೇಳಿಕೊಟ್ಟರು. ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು, ಕೆಲಸ ಹೋಗಿದೆ, ಹೆಂಡತಿ ತೀರಿಕೊಂಡಿದ್ದಾಳೆ, ದಿನವೂ ಕುಡಿಯುತ್ತಾನೆ. ಹೆಸರಿಲ್ಲ, ನಾನೇ ಅವನಿಗೆ ಬಾಯ್ಲರಿನವನು ಎಂದು ಹೆಸರಿಟ್ಟೆ. ವಿಚಿತ್ರ ನೋಡು, ಮೊದಲ ದಿನವೇ ಅವನು ಪಾಠ ಮುಗಿದ ಮೇಲೂ ಹೋಗಲಿಲ್ಲ. ನನ್ನ ಜೊತೆ ಮಂಜಿನಲ್ಲಿ ಮನೆಯ ತನಕ ನಡೆದು ಬಂದ. ನಾನು ಚಹಾ ಕಾಸುವಾಗ ಎದುರಿನ ಕುರ್ಚಿಯಲ್ಲಿ ಕೂತಿದ್ದ. ಬೆಂಕಿಯ ಮುಂದೆ ಬಹಳ ವರ್ಷ ನಿಂತವರ ಮುಖ ಹೇಗಿರುತ್ತದೆ ಎಂದು ಯೋಚಿಸುತ್ತಾ ಯೋಚಿಸುತ್ತಾ ಎರಡು ಲೋಟಕ್ಕೆ ಚಹಾ ಸುರಿದುಬಿಟ್ಟೆ. ಎರಡನ್ನೂ ನಾನೇ ಕುಡಿದೆ ಅನ್ನು.

ಮೊದಲು ನನ್ನ ಮುಂದೆ ಕೂತವರು ಒಬ್ಬ ಮೀಸೆ ಕಾಂಪೌಂಡರು. ಪಾಪ, ಒಳ್ಳೆಯ ಮನುಷ್ಯ, ಗುಡ್ಡದ ಮೇಲೆ ಒಬ್ಬರೇ ಎಷ್ಟೋ ವರ್ಷ ದುಡಿದವರು. ಕೂತದ್ದೇ ಶುರುಮಾಡಿದರು, ‘ಲಿವರ್ ಹೋಗುತ್ತೆ, ಕಿಡ್ನಿ ಹೋಗುತ್ತೆ, ಮಾನ ಹೋಗುತ್ತೆ, ಮನೆ ಮಠ ಎಲ್ಲಾ ಹೋಗುತ್ತೆ, ನಾಚಿಕೆ ಆಗಲ್ವಾ ನಿಮಗೆ?’ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದ ನನಗೇ ಆ ಉಪದೇಶ ಕೇಳಿ, ಎದ್ದು ಹೋಗಿ ಒಂದು ಹಾಕಿಕೊಂಡು ಬರೋಣ ಅನ್ನಿಸಿತು. ಡಾಕ್ಟರಮ್ಮ ಪೆನ್ಸಿಲಿನಿಂದ ಮೇಜು ತಟ್ಟಿ, ‘ಕುಡಿದ್ರೆ ಏನೇನ್ ಹೋಗುತ್ತೆ ಅಂತ ಅವ್ರಿಗೆ ನಮಗಿಂತ ಚೆನ್ನಾಗ್ ಗೊತ್ತು. ಏನ್ ಸಿಗುತ್ತೆ ಅಂತ ಕೇಳಿ’ ಎಂದರು. ಕಾಂಪೌಂಡರು ಮೀಸೆ ತಿರುವಿ, ಕೆಮ್ಮಿ, ಹಾಗೇ ಕೇಳಿದರು. ಆ ಪ್ರಶ್ನೆಗೆ ನನಗೆ ಯಾರೂ ಉತ್ತರ ಹೇಳಿಕೊಟ್ಟಿರಲಿಲ್ಲ. ಪರದೆ ಉಬ್ಬಿ ಇಳಿಯುವುದನ್ನು ನೋಡುತ್ತಾ ಕೂತೆ. ‘ನಿದ್ದೆ ಸಿಗುತ್ತೆ’ ಎಂದು ಬಾಯಿಗೆ ಬಂತು. ಕಾಂಪೌಂಡರು ಮೆಲ್ಲಗೆ, ‘ಕುಡೀದೆ ಇದ್ರೆ ರಾತ್ರಿ ಹೆಂಗಿರುತ್ತೆ ಯಜಮಾನ್ರೇ?’ ಎಂದರು. ಅಲ್ಲಿಂದ ಮಾತು ಎಷ್ಟು ದೂರ ಹೋಯಿತೆಂದರೆ, ಚಹಾದವನು ಬಂದು ಬಾಗಿಲಲ್ಲಿ ನಿಂತಿದ್ದು ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ವಾರ ಡಾಕ್ಟರಮ್ಮ ನನ್ನನ್ನು ಮೂಲೆಗೆ ಕರೆದು ಪಾತ್ರಕ್ಕೆ ಇನ್ನೊಂದು ವಿಷಯ ಸೇರಿಸಿದರು. ಬಾಯ್ಲರಿನವನಿಗೆ ಸಾಯುವ ಯೋಚನೆ ಬರುತ್ತಿದೆ. ಆದರೆ ಅದನ್ನು ನಾನಾಗಿ ಹೇಳಕೂಡದು. ನೇರವಾಗಿ ಕೇಳಿದರೆ ಮಾತ್ರ ಹೇಳಬೇಕು. ಸುತ್ತಿ ಬಳಸಿ ಕೇಳಿದರೆ ‘ಚೆನ್ನಾಗಿದ್ದೀನಿ’ ಎಂದುಬಿಡಬೇಕು. ಇಷ್ಟೇ ನಿಯಮ. ಸರಿ, ಒಬ್ಬೊಬ್ಬರಾಗಿ ಬಂದು ಕೂತರು. ಏನು ಹೇಳಲಿ, ಎಲ್ಲರೂ ಆ ಪ್ರಶ್ನೆಯ ಬಾಗಿಲ ತನಕ ಬಂದು, ಚಪ್ಪಲಿಯನ್ನೂ ಬಿಟ್ಟು, ತಟ್ಟದೆ ವಾಪಸು ಹೋದರು. ಊಟ ಸೇರುತ್ತಾ, ನಿದ್ದೆ ಬರುತ್ತಾ, ಜೀವನ ಅಂದ್ಮೇಲೆ ಕಷ್ಟಸುಖ ಇದ್ದಿದ್ದೇ ಅಲ್ವಾ, ಹೀಗೆ. ಒಬ್ಬರಂತೂ ‘ಆ ಥರ ಯೋಚನೆ ಎಲ್ಲ... ಏನಿಲ್ಲ ತಾನೆ?’ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ‘ಏನಿಲ್ಲ, ಚೆನ್ನಾಗಿದ್ದೀನಿ’ ಎಂದೆ ನಾನು. ‘ಇಲ್ಲ ತಾನೆ ಅಂದ್ರೆ ಇಲ್ಲ ಅಂತ್ಲೇ ಉತ್ತರ ಬರೋದು, ಪ್ರಶ್ನೇನೂ ನಿಮ್ಮದೇ, ಉತ್ತರಾನೂ ನಿಮ್ಮದೇ’ ಎಂದು ಡಾಕ್ಟರಮ್ಮ ರೇಗಿದರು. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲವೇ ಎಂದು ಕಾಂಪೌಂಡರು ಕೇಳಿದರು. ಇಲ್ಲವಂತೆ ಮಗಳೇ. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ, ಒಳಗೇ ಹೊತ್ತುಕೊಂಡವರಿಗೆ ಇಳಿಸಲು ಒಂದು ಜಾಗ ಸಿಗುತ್ತದೆ ಅಂತ ಡಾಕ್ಟರಮ್ಮ ಹೇಳಿದರು. ಇದು ನಿನಗೆ ಗೊತ್ತಿರುವುದೇ. ನೀನೂ ಎಷ್ಟು ಜನರನ್ನು ಕೇಳಿರುತ್ತೀಯೋ.

ಕೊನೆಗೆ ಬಂದವಳು ಗಣಿಯ ಲೈನುಮನೆಗಳಿಂದ ಬಂದಿದ್ದ ಒಬ್ಬ ನರ್ಸು. ನಿನ್ನ ವಯಸ್ಸೇ ಇರಬೇಕು. ಮಾತಾಡಿದರೆ ಪಕ್ಕದವರಿಗೂ ಕೇಳಿಸದು, ಅದಕ್ಕೆ ಎಲ್ಲರೂ ಅವಳನ್ನು ಪಿಸುಮಾತು ಎಂದೇ ಕರೆಯುತ್ತಾರೆ. ಅವಳು ಊಟ ಕೇಳಿದಳು, ನಿದ್ದೆ ಕೇಳಿದಳು, ಆಮೇಲೆ ‘ನಿಮಗೆ...’ ಎಂದು ನಿಂತಳು. ಮತ್ತೆ ‘ನಿಮಗೆ ಯಾವಾಗಾದ್ರೂ...’ ಎಂದು ನಿಂತಳು. ಬೆರಳುಗಳು ಸೆರಗಿನ ಅಂಚನ್ನು ಹಿಂಡುತ್ತಿವೆ, ತುಟಿ ಒಣಗಿದೆ. ಮಾತು ಮರೆತು ರಂಗದ ಮೇಲೆ ಒಂಟಿಯಾಗಿ ನಿಂತವರನ್ನು ಜೀವಮಾನವಿಡೀ ನೋಡಿದ್ದೇನೆ ನಾನು, ಅಂಥವರನ್ನು ಬಿಟ್ಟುಕೊಟ್ಟವನಲ್ಲ. ಹುಟ್ಟುಗುಣ ಸುಟ್ಟರೂ ಹೋದೀತೇ? ನನಗೇ ಗೊತ್ತಿಲ್ಲದ ಹಾಗೆ ಮುಂದಕ್ಕೆ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು, ‘ಸಾಯ್ಬೇಕು ಅನ್ಸುತ್ತಾ’ ಎಂದು ಪ್ರಾಂಪ್ಟ್ ಮಾಡಿಬಿಟ್ಟೆ! ಕೋಣೆಗೆ ಕೋಣೆಯೇ ಗೊಳ್ಳೆಂದಿತು. ರೋಗಿಯೇ ಡಾಕ್ಟರಿಗೆ ಪ್ರಶ್ನೆ ಹೇಳಿಕೊಡುವುದನ್ನು ಯಾರು ಕಂಡಿದ್ದಾರೆ? ಪಿಸುಮಾತೂ ಕಣ್ಣೊರೆಸಿಕೊಂಡು ನಕ್ಕಳು. ಡಾಕ್ಟರಮ್ಮನೂ ನಕ್ಕರು, ಆದರೆ ಎಲ್ಲರಿಗಿಂತ ಮೊದಲು ಅವರ ನಗು ನಿಂತಿತು. ‘ಯಜಮಾನ್ರೇ, ನಿಜವಾದ ಬಾಯ್ಲರಿನವನು ಪ್ರಾಂಪ್ಟ್ ಮಾಡಲ್ಲ. ನಾವು ಕೇಳ್ಲಿಲ್ಲ ಅಂದ್ರೆ, ಚೆನ್ನಾಗಿದ್ದೀನಿ ಬರ್ತೀನಿ ಅಂತ ಎದ್ದು ಹೋಗ್ಬಿಡ್ತಾನೆ’ ಎಂದರು. ನಾನು ತಲೆ ತಗ್ಗಿಸಿ ಕೂತೆ.

ಅದು ಗುರುವಾರ. ಮನೆಗೆ ಬಂದರೆ ಬಾಗಿಲಲ್ಲಿ ನಿನ್ನ ಪಾರ್ಸೆಲ್.

ಶುಕ್ರವಾರ ನಿನ್ನ ಗಡಿಯಾರವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಪಾಠಕ್ಕೆ ಹೋದೆ. ಎಲ್ಲಾದರೂ ಇಟ್ಟು ಹೋಗಲು ಮನಸ್ಸಾಗಲಿಲ್ಲ. ಪಿಸುಮಾತು ತಾನೇ ಮತ್ತೆ ಬಂದು ಕೂತಳು. ಈ ಸಲ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು, ಎರಡು ಕೈಯನ್ನೂ ಮಂಡಿಯ ಮೇಲೆ ಬಿಟ್ಟಳು. ಕಿಟಕಿಯಾಚೆ ಮಂಜು ತುಂಬಿ, ಬೆಳಕು ಹಾಲಿನ ಹಾಗಿತ್ತು. ಊಟ ನಿದ್ದೆ ಯಾವುದೂ ಕೇಳಲಿಲ್ಲ. ‘ಯಜಮಾನ್ರೇ, ನಿಮ್ ಹತ್ರ ಒಂದ್ ಮಾತ್ ನೇರವಾಗಿ ಕೇಳ್ತೀನಿ. ಸಾಯ್ಬೇಕು ಅಂತ ಅನ್ನಿಸ್ತಾ ಇದ್ಯಾ?’ ಎಂದಳು. ಅಷ್ಟು ಮೆಲ್ಲಗಿನ ದನಿ, ಆದರೆ ಕೋಣೆಯ ಮೂಲೆಮೂಲೆಗೂ ಮುಟ್ಟಿತು. ನನ್ನ ಜೇಬಿನಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಹೌದು ಎನ್ನಬೇಕಿತ್ತು, ಪಾತ್ರ ಅಷ್ಟೇ. ಬಾಯಿ ತೆರೆದರೆ ದನಿ ಹೊರಡಲಿಲ್ಲ. ಅವಳು ಗಡಿಬಿಡಿ ಮಾಡಲಿಲ್ಲ, ಎದ್ದು ನೀರು ತರಲಿಲ್ಲ, ಬೇರೆ ಮಾತು ತೆಗೆಯಲಿಲ್ಲ. ಕಾದಳು. ಅಷ್ಟು ಹೊತ್ತಿನ ಮೌನವನ್ನು ರಂಗದ ಮೇಲೆ ನಾನು ಎಂದೂ ಬಿಟ್ಟವನಲ್ಲ. ಕೊನೆಗೆ ‘ಹೌದಮ್ಮ’ ಎಂದೆ. ಎಂದದ್ದೇ ತಡ, ಕಣ್ಣಲ್ಲಿ ಧಾರೆ. ಅಳುತ್ತಿದ್ದವನು ಬಾಯ್ಲರಿನವನೋ ನಾನೋ ನನಗೆ ಗೊತ್ತಾಗಲಿಲ್ಲ. ‘ಹೇಳಿದ್ದು ಒಳ್ಳೇದಾಯ್ತು. ನಾನಿಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ’ ಎಂದಳು ಆ ಮಗು. ಅವತ್ತು ಬಾಯ್ಲರಿನವನು ನನ್ನ ಜೊತೆ ಮನೆಗೆ ಬರಲಿಲ್ಲ. ಮಂಜಿನಲ್ಲಿ ಎಲ್ಲೋ ತನ್ನ ದಾರಿ ಹಿಡಿದು ಹೋದ.

ಪಾಠ ಮುಗಿದ ಮೇಲೆ ಓಣಿಯಲ್ಲಿ ಡಾಕ್ಟರಮ್ಮನಿಗೆ ಗಡಿಯಾರ ತೋರಿಸಿ, ಎಲ್ಲವನ್ನೂ ಹೇಳಿದೆ. ಅವರು ಕನ್ನಡಕವನ್ನು ತಲೆಯಿಂದ ಕಣ್ಣಿಗೆ ಇಳಿಸಿ ಅದನ್ನು ಬಹಳ ಹೊತ್ತು ನೋಡಿದರು. ಒಂದು ಮಾತು ಹೇಳಿದರು, ಅದನ್ನು ಆಮೇಲೆ ಬರೆಯುತ್ತೇನೆ. ಶನಿವಾರ ನಿನಗೆ ಫೋನು ಮಾಡಿದೆನಲ್ಲ. ಏನೇನು ಕೇಳಿದೆ ನೆನಪಿದೆಯೇ? ಊಟ ಆಯ್ತಾ ಎಂದೆ, ನಿದ್ದೆ ಬರುತ್ತಾ ಎಂದೆ, ಮಾಡು ಸೋರುತ್ತಾ ಎಂದೆ. ಕೊನೆಗೆ ‘ಮತ್ತೇನಿಲ್ಲ ತಾನೆ?’ ಎಂದೆ. ನೀನು ‘ಏನಿಲ್ಲ, ಚೆನ್ನಾಗಿದ್ದೀನಪ್ಪಾ, ಇಡ್ಲಾ?’ ಎಂದೆ. ನಾನೂ ಇಟ್ಟುಬಿಟ್ಟೆ. ಫೋನಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಒಲೆಯ ಮೇಲಿನ ನೀರು ಪೂರ್ತಿ ಆವಿಯಾಗಿ ಪಾತ್ರೆ ಸೀದು ಹೋಯಿತು.

ಇನ್ನೇನು ಬರೆಯಲಿ? ಹಿತ್ತಲ ಬಟ್ಟೆಗಳು ಒಣಗುತ್ತಾ ಬಂದವು. ಶಾಲನ್ನು ಮಡಿಸಿ ಇಡಬೇಕು. ರಾಜಾಪಾರ್ಟಿನವನು ನಿನ್ನನ್ನು ಕೇಳಿದ ಎಂದು ತಿಳಿಸಲು ಹೇಳಿದ್ದಾನೆ, ಅವನಿಗೆ ಈಗ ಸಿಮೆಂಟಿನ ಗೋದಾಮಿನಲ್ಲೇ ಕಾವಲು ಕೆಲಸ, ಮೂಟೆಗಳಿಗೆ ಡೈಲಾಗ್ ಹೇಳುತ್ತಾನಂತೆ. ಮೈ ಕಡೆ ನೋಡಿಕೋ. ನೂರ್ಕಾಲ ಬಾಳು ಮಗಳೇ, ನಿನ್ನ ಗೋಳನ್ನು ಕೇಳುತ್ತಾ ನಾನೂ ಸ್ವಲ್ಪ ಕಾಲ ಬಾಳುತ್ತೇನೆ.

ಇಂತಿ ನಿನ್ನ ಅಪ್ಪ,
ಪರದೆ ಸಂದಿಯವನು

ಮರೆತ ಮಾತು: (ಸುಳ್ಳು, ಮರೆತಿರಲಿಲ್ಲ.) ಸೋಮವಾರ ಬೆಳಿಗ್ಗೆ, ದೋಣಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಅಲೆಯ ಮೇಲೆ ಹಾಕು, ಕೈಯ ಮೇಲೆ ಹಾಕಬೇಡ. ಓಣಿಯಲ್ಲಿ ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು, ‘ಮಗಳನ್ನ ಕೇಳಿದ್ರಾ?’ ನಿನ್ನೆ ಇಡೀ ಪತ್ರ ಬರೆದೆ, ಬಾಗಿಲ ತನಕ ಬಂದು ತಟ್ಟದೆ ಹೋದೆ. ಈಗ ತಟ್ಟುತ್ತಿದ್ದೇನೆ. ಪಿಟೀಲೇ, ನಿನಗೆ ಸಾಯಬೇಕು ಅನ್ನಿಸುತ್ತಿದೆಯಾ? ಹೌದಾದರೆ ಹೌದು ಎನ್ನು. ನಾನು ಬೈಯುವುದಿಲ್ಲ, ಬೆಚ್ಚಿ ಬೀಳುವುದಿಲ್ಲ, ಊಟದ ಮಾತು ತೆಗೆಯುವುದಿಲ್ಲ. ಮುಂದೆ ಏನು ಮಾಡಬೇಕು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದಾರೆ, ಬುಧವಾರದ ದೋಣಿಗೆ ಅವರೂ ಬರುತ್ತಾರೆ. ನೀನು ಊರಿನವರನ್ನೆಲ್ಲ ಕೇಳಿದೆ, ನಿನ್ನನ್ನು ಯಾರೂ ಕೇಳಲಿಲ್ಲ. ನಿನ್ನೆ ಪಕ್ಕದ ಮನೆಯ ಟೀಚರಮ್ಮ ನಿನ್ನನ್ನು ಎಳೆದುಕೊಂಡು ಹೋಗಿ ತಮ್ಮಲ್ಲೇ ಮಲಗಿಸಿಕೊಂಡರಲ್ಲ, ಅದು ನಾನೇ ಅವರ ಮನೆಗೆ ಫೋನು ಮಾಡಿ ಹೇಳಿದ್ದು, ಅವರ ಮೇಲೆ ರೇಗಬೇಡ. ಈ ಪತ್ರವನ್ನು ದೋಣಿಯವನು ನಿನ್ನ ಕೈಗೆ ಕೊಡುತ್ತಾನೆ. ಓದಿ ಮುಗಿದ ಮೇಲೆ ತಲೆಯೆತ್ತಿ ದೋಣಿ ನಿಲ್ಲುವ ಕಟ್ಟೆಯ ಕಡೆ ನೋಡು, ಅಮ್ಮನ ಶಾಲು ಹೊದ್ದುಕೊಂಡು ಕೂತಿರುವ ಮುದುಕ ನಾನೇ. ಗಡಿಯಾರ ನನ್ನ ಕೈಯಲ್ಲಿದೆ, ಕೀ ಕೊಟ್ಟಿದ್ದೇನೆ. ಬಂದು ಪಕ್ಕದಲ್ಲಿ ಕೂತುಕೋ. ಉತ್ತರಕ್ಕೆ ಎಷ್ಟು ಹೊತ್ತಾದರೂ ಆಗಲಿ, ಈ ಸಲ ನಾನು ಪ್ರಾಂಪ್ಟ್ ಮಾಡುವುದಿಲ್ಲ.